ಅಕ್ಕನ ಹೊಟ್ಟೆನೋವಿಗೆ ಎಂಟು ತಿಂಗಳು ಒಂದೇ ಹೆಸರು

ನಮ್ಮ ಕಡೆ ಹೊಟ್ಟೆಯ ಯಾವ ತೊಂದರೆಗೂ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ಉರಿದರೂ ಅದೇ, ಹೊಟ್ಟೆ ಉಬ್ಬಿದರೂ ಅದೇ, ಎರಡು ತುತ್ತಿಗೇ ಸಾಕೆನಿಸಿದರೂ ಅದೇ. ನನ್ನ ದೊಡ್ಡಮ್ಮನ ಮಗಳಿಗೆ 36ನೇ ವಯಸ್ಸಿನಲ್ಲಿ ಇವೆಲ್ಲ ಶುರುವಾದಾಗ ಮನೆಯವರು ಹೇಳಿದ್ದೂ ಅದನ್ನೇ, ಡಾಕ್ಟರು ಹೇಳಿದ್ದೂ ಅದನ್ನೇ. ಹೊತ್ತಿಗೆ ಸರಿಯಾಗಿ ಊಟ ಮಾಡಮ್ಮ, ಟೆನ್ಷನ್ ಕಡಿಮೆ ಮಾಡ್ಕೋ ಅಂದರು. ಬೆಳಗ್ಗೆ ಖಾಲಿ ಹೊಟ್ಟೆಗೆ ಆಸಿಡ್ ತಗ್ಗಿಸುವ ಒಂದು ಪ್ಯಾಂಟೊಪ್ರಜೋಲ್ ಮಾತ್ರೆ. ನುಂಗಿದರೆ ಉರಿ ತಗ್ಗುತ್ತಿತ್ತು, ಕಾಯಿಲೆಯೇ ತಗ್ಗಿತು ಅಂದುಕೊಂಡೆವು. ಎಂಟು ತಿಂಗಳು ಹೀಗೇ ಹೋಯಿತು.

ಆಮೇಲೆ ಕೆಳಹೊಟ್ಟೆ ಊದಿಕೊಂಡಿತು. ಸ್ಕ್ಯಾನ್ ಮಾಡಿಸಿದರೆ ಎರಡೂ ಅಂಡಾಶಯಗಳಲ್ಲಿ ಗಡ್ಡೆ. ಇದು ಅಂಡಾಶಯದ್ದೇ ಕಾಯಿಲೆ ಅಂತ ಎಲ್ಲರೂ ಆ ಕಡೆಗೇ ಓಡಾಡಿದೆವು. ಗಡ್ಡೆಯ ಚೂರು ತೆಗೆದು ನೋಡಿದ ಬಯಾಪ್ಸಿ ರಿಪೋರ್ಟಿನಲ್ಲಿ ಸಿಗ್ನೆಟ್ ರಿಂಗ್ ಸೆಲ್ ಅನ್ನುವ ಬಗೆಯ ಕ್ಯಾನ್ಸರ್ ಕೋಶ ಅಂತ ಬಂದ ಮೇಲೆ, ಬಾಯಿಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ಮಾಡಿದರು. ಮೂಲ ಇದ್ದದ್ದು ಜಠರದಲ್ಲಿ, ಅದು ಜಠರದ ಕ್ಯಾನ್ಸರ್. ಮುಂದೆ ಹನ್ನೊಂದು ತಿಂಗಳು ಅಕ್ಕ ನಮ್ಮ ಜೊತೆ ಇದ್ದಳು.

ಇದು ವಯಸ್ಸಾದ ಗಂಡಸರ ಕಾಯಿಲೆ ಅಲ್ವಾ ಅಂತ ಆಗ ತುಂಬಾ ಜನ ಕೇಳಿದರು. ಲೆಕ್ಕ ನೋಡಿದರೆ ಹೌದು. 2022ರಲ್ಲಿ ಜಗತ್ತಿನಲ್ಲಿ ಸುಮಾರು 9.7 ಲಕ್ಷ ಜನರಲ್ಲಿ ಜಠರದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 6.6 ಲಕ್ಷ ಜನ ಇದರಿಂದ ತೀರಿಕೊಂಡರು. ಹೆಂಗಸರಿಗೆ ಹೋಲಿಸಿದರೆ ಗಂಡಸರಲ್ಲಿ ಇದು ಹೆಚ್ಚುಕಡಿಮೆ ಎರಡು ಪಟ್ಟು. ಅಮೆರಿಕದಲ್ಲಿ ಪತ್ತೆಯಾಗುವ ಸರಾಸರಿ ವಯಸ್ಸು 68. ನಮ್ಮ ದೇಶದಲ್ಲಿ ಮಿಜೋರಾಮಿನ ಐಜ್ವಾಲ್ ಈ ಪಟ್ಟಿಯಲ್ಲಿ ಬಹಳ ಮೇಲಿದೆ. ಹೊಗೆಯಲ್ಲಿ ಒಣಗಿಸಿದ ಮಾಂಸ, ತಂಬಾಕಿನ ಹೊಗೆ ಹಾಯಿಸಿದ ನೀರು ಅಲ್ಲಿ ರೂಢಿ.

ಆದರೆ ಜಠರದ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಲ್ಲ, ಇದು ನನಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. 1965ರಲ್ಲಿ ಫಿನ್ಲೆಂಡಿನ ಲಾರೆನ್ ಎನ್ನುವ ರೋಗಶಾಸ್ತ್ರಜ್ಞರು ಇದನ್ನು ಎರಡು ಬಗೆ ಮಾಡಿದರು. ಒಂದು ಕರುಳಿನ ಬಗೆ, ಜಠರದಲ್ಲೇ ಬಂದರೂ ಅದರ ಕೋಶಗಳು ಕರುಳಿನ ಕೋಶಗಳ ಹಾಗೆ ಕಾಣುವುದರಿಂದ ಈ ಹೆಸರು. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಚಿಕ್ಕಂದಿನಲ್ಲೇ ಹೊಟ್ಟೆ ಸೇರಿ, ಹತ್ತಾರು ವರ್ಷ ಒಳಪದರವನ್ನು ಕೆರಳಿಸಿ, ಜೊತೆಗೆ ಉಪ್ಪು, ಬೀಡಿ, ಕುಡಿತ ಎಲ್ಲ ಸೇರಿಕೊಂಡು ನಿಧಾನವಾಗಿ ಬರುವಂಥದ್ದು. ವಯಸ್ಸಾದ ಗಂಡಸರಲ್ಲಿ ಜಾಸ್ತಿ ಇರುವುದು ಇದೇ. ಇಲ್ಲಿ ಎಂಡೋಸ್ಕೋಪಿಯಲ್ಲಿ ಹುಣ್ಣೋ ಗಂಟೋ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಹರಡುವ ಬಗೆ. ಚಿಕ್ಕ ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದರ ಪಾಲು ದೊಡ್ಡದು. ಗೋಡೆಯಲ್ಲಿ ಇಟ್ಟಿಗೆಗಳನ್ನು ಗಾರೆ ಹಿಡಿದಿಡುತ್ತದಲ್ಲ, ಹಾಗೆ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಪ್ರೋಟೀನ್ ಒಂದಿದೆ, ಇ-ಕ್ಯಾಡ್‌ಹೆರಿನ್. ಈ ಬಗೆಯಲ್ಲಿ ಹೆಚ್ಚಾಗಿ ಆ ಗಾರೆಯೇ ಕಳಚಿಕೊಳ್ಳುತ್ತದೆ. ಜೀವಕೋಶಗಳು ಗಂಟು ಕಟ್ಟದೆ ಒಂಟೊಂಟಿಯಾಗಿ ಜಠರದ ಗೋಡೆಯೊಳಗೇ ಹರಿದಾಡುತ್ತವೆ. ಹಲವು ಕೋಶಗಳಲ್ಲಿ ಲೋಳೆ ತುಂಬಿಕೊಂಡು ನಡುವಿನ ಬೀಜ, ಅಂದರೆ ನ್ಯೂಕ್ಲಿಯಸ್, ಅಂಚಿಗೆ ಸರಿದಿರುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದು ಮುದ್ರೆಯುಂಗುರದ ಹಾಗೆ ಕಾಣುವುದರಿಂದಲೇ ಸಿಗ್ನೆಟ್ ರಿಂಗ್ ಅನ್ನುವ ಹೆಸರು. ಮೇಲಿನ ಪದರ ಚೆನ್ನಾಗಿಯೇ ಇದ್ದು ಒಳಗೆ ಗೋಡೆ ದಪ್ಪವಾಗಿ, ಬಿಗಿದುಕೊಂಡಿರಬಹುದು. ಅದಕ್ಕೇ ಎರಡು ತುತ್ತಿಗೆ ಹೊಟ್ಟೆ ತುಂಬುವುದು. ಋತುಚಕ್ರ ನಿಲ್ಲದ ಹೆಂಗಸರಲ್ಲಿ ಇದು ಅಂಡಾಶಯಕ್ಕೆ ಹಬ್ಬುವುದುಂಟು. ಕ್ರುಕೆನ್‌ಬರ್ಗ್ ಅನ್ನುವವರು ಅಂಥ ಗಡ್ಡೆಗಳ ಬಗ್ಗೆ 1896ರಲ್ಲೇ ಬರೆದಿದ್ದರು. ಅಕ್ಕನಿಗೆ ಆದದ್ದು ಅದೇ.

ಹಾಗಾದರೆ ಚಿಕ್ಕ ವಯಸ್ಸಿನ ಹೆಂಗಸಿಗೆ ಬಂದರೆ ಉಳಿಯುವುದೇ ಇಲ್ಲವಾ? ನಾನು ಅತಿ ಹೆಚ್ಚು ಓದಿದ್ದು ಇದರ ಬಗ್ಗೆ. ಒಂದೇ ಹಂತದಲ್ಲಿ ಪತ್ತೆಯಾದ ಕಿರಿಯರನ್ನೂ ಹಿರಿಯರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಹಲವು ಅಧ್ಯಯನಗಳಲ್ಲಿ ಕಿರಿಯರು ಹಿಂದೆ ಬಿದ್ದಿಲ್ಲ, ಕೆಲವು ಕಡೆ ಮುಂದೇ ಇದ್ದಾರೆ. ದೊಡ್ಡ ಆಪರೇಷನ್ನನ್ನೂ ಕೀಮೋವನ್ನೂ ತಡೆದುಕೊಳ್ಳುವ ಶಕ್ತಿ ಅವರಿಗೆ ಜಾಸ್ತಿ. ಏಟು ಬೀಳುವುದು ಹಂತದಲ್ಲಿ. ಅಮೆರಿಕದ ಲೆಕ್ಕದಲ್ಲಿ ಕ್ಯಾನ್ಸರ್ ಜಠರದಲ್ಲೇ ಇದ್ದಾಗ ಸಿಕ್ಕಿದರೆ ನೂರರಲ್ಲಿ ಸುಮಾರು 75 ಜನ ಐದು ವರ್ಷ ದಾಟುತ್ತಾರೆ, ದೂರಕ್ಕೆ ಹಬ್ಬಿದ್ದರೆ ಹತ್ತು ಜನವೂ ಇಲ್ಲ. ಕಿರಿಯರಲ್ಲಿ ಹಬ್ಬಿದ ಮೇಲೆ ಪತ್ತೆಯಾಗುವವರೇ ಹೆಚ್ಚು. ಕಾಯಿಲೆಯ ಗುಣವೂ ಅದಕ್ಕೆ ಕಾರಣ, ನಿಜ. ಆದರೆ ಈ ವಯಸ್ಸಿನ ಹೆಣ್ಣುಮಗಳಿಗೆ ಅದು ಬರಲ್ಲ ಅನ್ನುವ ನಂಬಿಕೆಯೂ ಕಾರಣ ಅಂತ ನಾನು ಖಂಡಿತ ಹೇಳುತ್ತೇನೆ.

ದಕ್ಷಿಣ ಕೊರಿಯಾದಲ್ಲಿ 40 ದಾಟಿದ ಎಲ್ಲರಿಗೂ ಎರಡು ವರ್ಷಕ್ಕೊಮ್ಮೆ ಜಠರದ ತಪಾಸಣೆ ಇದೆ. ಅಲ್ಲಿ ಈಗ ಐದು ವರ್ಷ ಬದುಕುವವರು ನೂರಕ್ಕೆ 70ಕ್ಕಿಂತ ಹೆಚ್ಚು. ಅಂಥ ದೇಶದಲ್ಲೂ ನಟಿ ಜಾಂಗ್ ಜಿನ್ ಯಂಗ್ ಮೂವತ್ತರ ಹರೆಯದಲ್ಲೇ 2009ರಲ್ಲಿ ಹೋದರು. ಗಾಯಕಿ ಯೂ ಚೇ ಯಂಗ್ 2014ರಲ್ಲಿ, 40ನೇ ವಯಸ್ಸಿಗೆ. ಇಬ್ಬರದೂ ಇದೇ ಕ್ಯಾನ್ಸರ್.

ವಯಸ್ಸಿನ ಇನ್ನೊಂದು ತುದಿಯನ್ನೂ ನಮ್ಮ ಮನೆಯಲ್ಲೇ ನೋಡಿದೆ. ನನ್ನ ಸೋದರಮಾವನಿಗೆ 74. ಮಲ ಕಪ್ಪಗೆ ಹೋಗುತ್ತಿತ್ತು, ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಗಂಡಸು, ವಯಸ್ಸಾಗಿದೆ, ಹಾಗಾಗಿ ಅವರಿಗೆ ಅದೇ ವಾರ ಎಂಡೋಸ್ಕೋಪಿ ಆಯಿತು. ಜಠರದ ಕ್ಯಾನ್ಸರ್ ಬೇಗ ಸಿಕ್ಕಿತು. ಆದರೆ ಮನೆಯಲ್ಲಿ ಎದ್ದ ಮಾತು, ಈ ವಯಸ್ಸಿಗೆ ಆಪರೇಷನ್ ಯಾಕೆ, ಸುಮ್ನೆ ಹಿಂಸೆ. ಹಿರಿಯರಿಗೆ ಆಪರೇಷನ್ ಆದ ಮೇಲೆ ನ್ಯುಮೋನಿಯಾದಂಥ ತೊಂದರೆ ಹೆಚ್ಚು, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಅಡ್ಡ ಬರುತ್ತವೆ, ಇದೆಲ್ಲ ಸರಿ. ಆದರೆ ಸರ್ಜನ್ ಕೇಳಿದ್ದು ಎರಡು ಮಹಡಿ ಹತ್ತುತ್ತೀರಾ, ತೋಟಕ್ಕೆ ನೀವೇ ಹೋಗುತ್ತೀರಾ ಅಂತ. ಮಾವ ಹೋಗುತ್ತಿದ್ದರು. ಆಪರೇಷನ್ ಆಗಿ ನಾಲ್ಕು ವರ್ಷವಾಯಿತು, ಈಗಲೂ ಹೋಗುತ್ತಾರೆ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಉಣ್ಣುತ್ತಾರೆ.

ದಯವಿಟ್ಟು ಇದೊಂದು ನೆನಪಿಡಿ. ತೂಕ ತಾನಾಗಿ ಇಳಿಯುತ್ತಿದ್ದರೆ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದರೆ, ವಾಂತಿ ನಿಲ್ಲದಿದ್ದರೆ, ಮಲ ಕಪ್ಪಗಿದ್ದರೆ, ಕಾರಣ ಗೊತ್ತಿಲ್ಲದೆ ರಕ್ತ ಕಡಿಮೆಯಾದರೆ, 30 ಆಗಿರಲಿ 80 ಆಗಿರಲಿ, ಎಂಡೋಸ್ಕೋಪಿ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಹೆಂಗಸರಲ್ಲಿ ರಕ್ತಹೀನತೆ ಅಂದ ಕೂಡಲೇ ಮುಟ್ಟಿನ ಲೆಕ್ಕಕ್ಕೆ ಬರೆದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ನನಗೆ ಈಗ ಭಯ ಹುಟ್ಟಿಸುತ್ತದೆ.

ಕಳೆದ ತಿಂಗಳು ನಾನೂ ದೊಡ್ಡಮ್ಮನೂ ಜೀನ್ ಪರೀಕ್ಷೆಯ ಬಗ್ಗೆ ಕೇಳಲು ಹೋಗಿದ್ದೆವು. ಆ ಗಾರೆಯ ಪ್ರೋಟೀನಿಗೆ ಸೂತ್ರ ಕೊಡುವ ಜೀನ್ ಸಿಡಿಎಚ್1. ಅದರಲ್ಲಿ ದೋಷವಿದ್ದರೆ ಈ ಕ್ಯಾನ್ಸರ್ ಮನೆತನದಲ್ಲಿ ಇಳಿದು ಬರುತ್ತದೆ ಅಂತ 1998ರಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಕುಟುಂಬಗಳಲ್ಲಿ ಕಂಡುಕೊಂಡರು. ಹೆಂಗಸರಿಗೆ ಸ್ತನದ ಒಂದು ಬಗೆಯ ಕ್ಯಾನ್ಸರಿನ ಅಪಾಯವನ್ನೂ ಅದು ತರುತ್ತದೆ. ಅಲ್ಲಿದ್ದವರು ನಮ್ಮ ವಂಶವೃಕ್ಷ ಬರೆಯುತ್ತಾ, ನಿಮ್ಮ ಅಜ್ಜಿ ಯಾವುದರಿಂದ ತೀರಿಕೊಂಡರು ಅಂತ ಕೇಳಿದರು. ನಮಗಿಬ್ಬರಿಗೂ ಗೊತ್ತಿರಲಿಲ್ಲ. ದೊಡ್ಡಮ್ಮನಿಗೆ ಆಗ ಆರು ವರ್ಷವಂತೆ. ಹೊರಗೆ ಬಂದು ಊರಿನಲ್ಲಿರುವ ಅಜ್ಜಿಯ ತಂಗಿಗೆ ಫೋನ್ ಮಾಡಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಏನೂ ಸೇರ್ತಿರಲಿಲ್ಲ ಕಣೇ ಅವಳಿಗೆ, ಕೊನೆಗೆ ಗಂಜಿಯೂ ಇಳೀತಿರಲಿಲ್ಲ, ಇನ್ನೂ ಮೂವತ್ತೆರಡೋ ಮೂವತ್ತಮೂರೋ' ಅಂದರು.