ಗದ್ದ ಎತ್ತಿದರೆ ಎಂತ?

ಗೋಕರ್ಣದ ಕುಡ್ಲೆ ತೀರದಲ್ಲಿ ನನ್ನ ಸೋದರತ್ತೆಯದೊಂದು ಸಣ್ಣ ಹೋಟೆಲು. ಮಳೆಗಾಲಕ್ಕೆ ಚಪ್ಪರ ಬಿಚ್ಚಿ, ದೀಪಾವಳಿ ಕಳೆದ ಮೇಲೆ ಮತ್ತೆ ಕಟ್ಟುತ್ತಾರೆ. ಒಂದು ಜನವರಿಯಲ್ಲಿ ಕೆಲಸದ ಹುಡುಗ ಕೈಕೊಟ್ಟನೆಂದು ಕುಮಟಾದಲ್ಲಿದ್ದ ನನ್ನನ್ನು ಕರೆಸಿಕೊಂಡಿದ್ದಳು.

ಅತ್ತೆಗೆ ಇಂಗ್ಲಿಷ್ ಬಾರದು. ಇಷ್ಟು ವರ್ಷ ಕೈಸನ್ನೆ, ಕಣ್ಸನ್ನೆಯಲ್ಲೇ ವ್ಯಾಪಾರ ಮಾಡಿದವಳು. ‘ಆಯ್ತು’ ಎಂದು ತಲೆಯನ್ನು ಆಚೆ ಈಚೆ ವಾಲಿಸುವುದೊಂದು ಮಾತ್ರ ಯಾವ ಬಿಳಿಯರಿಗೂ ತಿಳಿಯುತ್ತಿರಲಿಲ್ಲ. ದುಡ್ಡು ಸರಿಯಾಯ್ತಾ ಎಂದು ಕೇಳಿದವರು ಅದನ್ನು ಕಂಡು ಮತ್ತೊಮ್ಮೆ ನೋಟು ಎಣಿಸುತ್ತಿದ್ದರು.

ಆವತ್ತು ಮಧ್ಯಾಹ್ನ ಒಬ್ಬಳೇ ಬಂದ ಹುಡುಗಿಗೆ ಅತ್ತೆ ಹುರಿದ ಬಂಗಡೆ ತೋರಿಸಿದಳು. ಹುಡುಗಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದಳು. ಬೇಡ ಅಂತೆ ಎಂದು ಅತ್ತೆ ತಟ್ಟೆ ಒಳಗೊಯ್ದಳು. ಆಮೇಲೆ ಚಾ ಲೋಟ ಎತ್ತಿ ತೋರಿಸಿದಾಗ ಹುಡುಗಿ ‘ಚ್’ ಎಂದು ಗದ್ದ ಮೇಲೆತ್ತಿದಳು. ನಮ್ಮಲ್ಲಿ ಗದ್ದ ಎತ್ತಿದರೆ ‘ಎಂತ?’ ಎಂದಲ್ಲವೇ? ಅತ್ತೆ ದನಿ ಏರಿಸಿ “ಚಾ! ಚಾ!” ಎಂದಳು. ಮತ್ತೆ ಗದ್ದ. ಮತ್ತೆ ಚಾ. “ಪಾಪ, ಕಿವಿ ಕೇಳೂದಿಲ್ಲ ಕಾಣ್ತದೆ ತಮಾ,” ಎಂದು ನನಗೆ ಹೇಳಿ, ಲೋಟ ಅವಳ ಮುಂದಿಟ್ಟೇ ಬಿಟ್ಟಳು. ಅವಳ ಕಣ್ಣು ಪಕ್ಕದ ಮೇಜಿಗೆ ಹೋದ ಬಂಗಡೆಯ ಮೇಲೇ ಇತ್ತು.

ನಾನು ಹೋಗಿ ಮಾತಾಡಿಸಿದೆ. ಬಲ್ಗೇರಿಯಾದವಳು. ಅವರಲ್ಲಿ ತಲೆ ಅಡ್ಡ ಆಡಿಸಿದರೆ ಹೌದು, ಮೇಲಕ್ಕೆತ್ತಿದರೆ ಇಲ್ಲ. ಅವಳೇ ಅದಕ್ಕೊಂದು ದಂತಕಥೆ ಹೇಳಿದಳು: ಒಟ್ಟೋಮನ್ ತುರ್ಕರ ಕಾಲದಲ್ಲಿ ಕತ್ತಿ ಹಿಡಿದು ಮತ ಬಿಡೆಂದವರ ಕಣ್ಣಿಗೆ ಮಣ್ಣೆರಚಲು ಹೌದು-ಇಲ್ಲಗಳನ್ನೇ ಅದಲು ಬದಲು ಮಾಡಿಕೊಂಡರಂತೆ. ಕತೆ ಚೆನ್ನಾಗಿದೆ, ನನಗೆ ನಂಬಿಕೆ ಬರಲಿಲ್ಲ. ಗ್ರೀಕರೂ, ಆ ತುರ್ಕರೂ ‘ಇಲ್ಲ’ ಎನ್ನಲು ಹಾಗೇ ತಲೆ ಎತ್ತುತ್ತಾರೆ. ಮತ್ತೆ ಮೋಸ ಹೋದವರು ಯಾರು?

ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ. ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊಸದಾಗಿ ಎರಡು ಬಂಗಡೆ ಹುರಿದು ತಂದಿಟ್ಟಳು. ಹುಡುಗಿ ತಿಂದು, ಇನ್ನೊಂದು ಸಿಗಬಹುದೇ ಎಂಬಂತೆ ಬೆರಳು ತೋರಿಸಿದಳು. ಅತ್ತೆ ಎಂದಿನಂತೆ ತಲೆ ವಾಲಿಸಿದಳು. ಹುಡುಗಿ ಒಂದು ಕ್ಷಣವೂ ಅನುಮಾನಪಡದೆ ತಟ್ಟೆ ಮುಂದೆ ಸರಿಸಿದಳು!

“ಇದೊಂದಕ್ಕಾದ್ರೂ ನನ್ನ ತಲೆ ಅರ್ಥ ಆಯ್ತಲ್ಲ ಮಾರಾಯಾ,” ಎಂದು ಅತ್ತೆ ಸಂಜೆಯವರೆಗೂ ಹೇಳಿಕೊಂಡು ತಿರುಗಿದಳು.

ಹುಡುಗಿ ಹೊರಟಾಗ ನೀರಿನ ಬಾಟಲಿ ಮೇಜಿನ ಮೇಲೇ ಉಳಿದಿತ್ತು. ಅತ್ತೆ ಚಪ್ಪರದ ಅಂಚಿಗೆ ಬಂದು, ಅಂಗೈ ಕೆಳಗೆ ಮಾಡಿ, ಬಾ ಬಾ ಎಂದು ಬೆರಳು ಮಡಚಿ ಕರೆದಳು. ಹುಡುಗಿ ತಿರುಗಿ ನೋಡಿ, ನಕ್ಕು, ತಾನೂ ಕೈಬೀಸಿ ಮುಂದೆ ನಡೆದಳು. ಬಾಟಲಿ ಹಿಡಿದು ಸುಡುವ ಮರಳಲ್ಲಿ ಬರಿಗಾಲಲ್ಲಿ ಓಡಿದವನು ನಾನು.