ಒಡಿಶಾದಲ್ಲಿ ವಾಯುಭಾರ ಕುಸಿದರೆ ಬದಿಯಡ್ಕದಲ್ಲಿ ಮಳೆ

ಜೂನ್ ಬಂದರೆ ಚಳ್ಳಕೆರೆಯಿಂದ ಅಪ್ಪನ ಫೋನು. ಮಾತು ಶುರುವಾಗುವುದೇ ಹೀಗೆ: "ನಿಮ್ಮ ಕಡೆ ಮಳೆ ಒಂದಿಷ್ಟು ಈ ಕಡೆ ಕಳಿಸವ್ವಾ." ಹಂಚಿನ ಮೇಲೆ ಬೀಳುವ ಮಳೆ ಸದ್ದಿಗೆ ಅವರ ಮಾತು ಅರ್ಧ ಕೇಳುವುದಿಲ್ಲ.

ಕಾಸರಗೋಡಿನ ಬದಿಯಡ್ಕದ ಹತ್ತಿರಕ್ಕೆ ಮದುವೆಯಾಗಿ ಬಂದು ಒಂಬತ್ತು ವರ್ಷವಾಯಿತು. ಇಲ್ಲಿಯವರನ್ನು ಹೊರನಾಡ ಕನ್ನಡಿಗರು ಅಂದರೆ ಒಪ್ಪುವುದಿಲ್ಲ. ಅವರು ಗಡಿನಾಡ ಕನ್ನಡಿಗರು, ಇದ್ದಲ್ಲೇ ಇದ್ದವರು, 1956ರಲ್ಲಿ ಗಡಿ ಬದಲಾಯಿತು ಅಷ್ಟೇ. ಹೊರನಾಡಿಗೆ ಬಂದವಳು ನಾನು. ವರ್ಷಕ್ಕೆ 500 ಮಿ.ಮೀ. ಮಳೆ ಬಂದರೆ ಖುಷಿಪಡುವ ಊರಿನಿಂದ ಸುಮಾರು 3,500 ಮಿ.ಮೀ. ಸುರಿಯುವ ಊರಿಗೆ.

ಅಡಿಕೆ ತೋಟದವರಿಗೆ ಮಳೆಗಾಲದ ದೊಡ್ಡ ಚಿಂತೆ ಕೊಳೆರೋಗ. ಅದಕ್ಕೆ ಮದ್ದು ಬಿಡಬೇಕು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುತ್ತಾರೆ. ಗೊನೆಗೆ ಬಿಟ್ಟ ಮದ್ದು ಒಣಗುವಷ್ಟು ಹೊತ್ತಾದರೂ ಮಳೆ ಬಿಡುವು ಕೊಡಬೇಕು. ನಾನು ಬಂದ ಮೊದಲ ವರ್ಷ ಬೆಳಿಗ್ಗೆ ಚೆನ್ನಾಗಿ ಬಿಸಿಲಿತ್ತು, ಮದ್ದು ಬಿಟ್ಟರು. ಮಧ್ಯಾಹ್ನದ ಊಟಕ್ಕೆ ಕೂರುವ ಮೊದಲೇ ಮಳೆ ಹೊಯ್ಯಿತು. ಮರದ ಬುಡದಲ್ಲೆಲ್ಲ ತಿಳಿ ನೀಲಿ ನೀರು. ಮದ್ದು, ಕೂಲಿ ಎರಡೂ ಹೋಯಿತು. ಸಂಜೆ ವಾರ್ತೆಯಲ್ಲಿ ಒಡಿಶಾ ಕರಾವಳಿಯಲ್ಲಿ ವಾಯುಭಾರ ಕುಸಿತ ಅಂದಾಗ ಮಾವ "ಅದಕ್ಕೇ" ಅಂದು ಸುಮ್ಮನಾದರು.

ಎಲ್ಲಿಯ ಒಡಿಶಾ, ಎಲ್ಲಿಯ ಬದಿಯಡ್ಕ? ಅವತ್ತಿನಿಂದ ನಾನು ಹವಾಮಾನದ ನಕ್ಷೆ ನೋಡುವುದು ಕಲಿತೆ.

ಗಾಳಿಗೂ ತೂಕವಿದೆ. ಸಮುದ್ರಮಟ್ಟದಲ್ಲಿ ಅದರ ಒತ್ತಡ ಸರಾಸರಿ 1013 ಹೆಕ್ಟೋಪಾಸ್ಕಲ್. ನೆಲ ಕಾದರೆ ಗಾಳಿ ಹಗುರಾಗಿ ಮೇಲೇಳುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ವಾಯುಭಾರ ಕುಸಿತ ಅಂದರೆ ಇದೇ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಮುಂಗಾರೂ ಹೀಗೇ, ಆದರೆ ಬಹಳ ದೊಡ್ಡ ಮಟ್ಟದಲ್ಲಿ. ರಾಜಸ್ಥಾನ, ಪಾಕಿಸ್ತಾನದ ಕಡೆ ಬೇಸಿಗೆಯ ಕಾವಿಗೆ ಒತ್ತಡ 1000ಕ್ಕಿಂತ ಕೆಳಗೆ ಹೋಗುತ್ತದೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿನ ಆಚೆ, 1020 ದಾಟಿರುತ್ತದೆ. ಅಲ್ಲಿಂದ ಹೊರಟ ಗಾಳಿ ಸಮಭಾಜಕ ವೃತ್ತ ದಾಟಿ, ಭೂಮಿ ತಿರುಗುವುದರಿಂದ ಬಲಕ್ಕೆ ವಾಲಿ, ಅರಬ್ಬಿ ಸಮುದ್ರದ ತೇವವನ್ನೆಲ್ಲ ಹೊತ್ತು ನಮ್ಮ ಮೇಲೆ ಬರುತ್ತದೆ. ಒಡಿಶಾದ ಹತ್ತಿರ ಬಂಗಾಳ ಕೊಲ್ಲಿಯಲ್ಲಿ ಇನ್ನೊಂದು ಕುಸಿತವಾದರೆ ಎಳೆತ ಜಾಸ್ತಿ. ಇಲ್ಲಿ ಪಡುಗಾಳಿ, ಅಂದರೆ ಪಶ್ಚಿಮದ ಗಾಳಿ, ಜೋರಾಗುತ್ತದೆ, ಮಳೆ ಕಟ್ಟಿಕೊಳ್ಳುತ್ತದೆ. ರಾಜಸ್ಥಾನದಿಂದ ಕೊಲ್ಲಿಯವರೆಗೆ ಚಾಚುವ ಕಡಿಮೆ ಒತ್ತಡದ ಸಾಲು ಹಿಮಾಲಯದ ಬುಡಕ್ಕೆ ಸರಿದರೆ ನಮಗೆ ಕೆಲವು ದಿನ ಬಿಡುವು. ಮದ್ದು ಬಿಡುವ ದಿನಗಳು ಅವೇ. ಈಗ ಮಾವ ಮರ ಹತ್ತುವವರಿಗೆ ಹೇಳುವ ಮೊದಲು ನನ್ನ ಹತ್ತಿರ ಬರುತ್ತಾರೆ. "ಕೊಲ್ಲಿಯಲ್ಲಿ ಎಂತದಾದ್ರೂ ಉಂಟಾ ನೋಡು ಮಗಾ."

ಅಪ್ಪನಿಗೆ ಯಾಕೆ ಕಳಿಸಲಾಗುವುದಿಲ್ಲ ಅನ್ನುವುದೂ ಆಗಲೇ ಗೊತ್ತಾಗಿದ್ದು. ಚಳ್ಳಕೆರೆ ಇಲ್ಲಿಂದ ನೇರ ಈಶಾನ್ಯಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 260 ಕಿ.ಮೀ. ನೈಋತ್ಯದ ಗಾಳಿ ಹೋಗುವುದೂ ಆ ಕಡೆಗೇ. ನಡುವೆ ಘಟ್ಟ. ಹತ್ತುವಾಗ ಗಾಳಿ ತಣ್ಣಗಾಗಿ, ಹೊತ್ತ ನೀರನ್ನು ಇಲ್ಲೇ ಇಳಿಸುತ್ತದೆ. ಆಚೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಚಿತ್ರದುರ್ಗದ ಗುಡ್ಡದ ಗಾಳಿಯಂತ್ರಗಳನ್ನು ಜುಲೈನಲ್ಲಿ ಗಿರಗಿರ ತಿರುಗಿಸುವುದು ಆ ಗಾಳಿಯೇ. ಊರಿಗೆ ಹೋದಾಗ ಅವುಗಳನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗಾಳಿ ಬಂದಿದೆ, ನೀರಿಲ್ಲ.

ಶಾಲೆಯಲ್ಲಿ ಬಿಸಿಗಾಳಿ, ತಣ್ಣನೆ ಗಾಳಿ ಎದುರಾಗಿ ಬಿರುಗಾಳಿ ಏಳುತ್ತದೆ ಅಂತ ಓದಿದ್ದೆವಲ್ವಾ? ಅದು ಯುರೋಪು, ಅಮೆರಿಕದ ಕಡೆಯದು. ನಾರ್ವೆಯ ಬರ್ಗೆನ್ನಿನ ವಿಜ್ಞಾನಿಗಳು ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಂಥ ಗಡಿಗೆ ಯುದ್ಧದ ಮಾತನ್ನೇ ತಂದು ಫ್ರಂಟ್ ಅಂತ ಹೆಸರಿಟ್ಟರು. ನಮ್ಮಲ್ಲಿ ಎರಡೂ ಕಡೆ ಸೆಕೆಯೇ. ಆದರೆ ಒಣಗಾಳಿ ಮತ್ತು ಹಸಿಗಾಳಿ ಎದುರಾಗುವ ಗೆರೆ ಇದೆ. ಬೇಸಿಗೆಯಲ್ಲಿ ಅದು ವಿದರ್ಭದಿಂದ ಕರ್ನಾಟಕದ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೂ ಚಾಚುತ್ತದೆ. ಏಪ್ರಿಲ್ ಸಂಜೆ ಚಳ್ಳಕೆರೆಯಲ್ಲಿ ಧೂಳೆದ್ದು, ಗುಡುಗಿ, ಆಲಿಕಲ್ಲು ಬೀಳುತ್ತದಲ್ಲ, ಅದಕ್ಕೆ ಹೆಚ್ಚಾಗಿ ಈ ಗೆರೆಯೇ ಕಾರಣ.

ಚಂಡಮಾರುತವೂ ಮೂಲದಲ್ಲಿ ವಾಯುಭಾರ ಕುಸಿತವೇ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಅದಕ್ಕೊಂದು ಹೆಸರು ಸಿಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮಿಂದ ದೂರ ಕಡಲಲ್ಲೇ ಗುಜರಾತಿಗೆ ಹೋಯಿತು. ಆದರೂ ಇಲ್ಲಿಯ ದಡವನ್ನು ಕೊರೆದು ಹೋಯಿತು.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಆಟ ತಿರುಗುತ್ತದೆ. ಪಡುಗಾಳಿ ಸೋಲುತ್ತದೆ, ಕೊಲ್ಲಿಯ ಕುಸಿತಗಳು ಆಂಧ್ರ, ತಮಿಳುನಾಡಿನ ಮೇಲೆ ಹಾದು ಒಳನಾಡಿಗೆ ಮಳೆ ತರುತ್ತವೆ. ಚಳ್ಳಕೆರೆಗೆ ವರ್ಷದ ಒಳ್ಳೆ ಮಳೆ ಆಗಲೇ. ಆ ಕಡೆಯಿಂದ ಬರುವ ಮಳೆಗೆ ಘಟ್ಟ ಅಡ್ಡವಿಲ್ಲ.

ಕಳೆದ ಅಕ್ಟೋಬರಿನಲ್ಲಿ ನಾನೇ ಅಪ್ಪನಿಗೆ ಫೋನ್ ಮಾಡಿದೆ. ಕೊಲ್ಲಿಯಲ್ಲಿ ಕುಸಿತವಿದೆ, ನಾಡಿದ್ದು ಮಳೆ ಬರಬಹುದು ಅಂದೆ. "ಶೇಂಗಾ ಕಿತ್ತು ಹೊಲದಲ್ಲೇ ಹಾಕೀವಲ್ಲವ್ವಾ" ಅಂದರು. ಆಮೇಲೆ ಫೋನಿನಲ್ಲೇ ಅಮ್ಮನನ್ನು ಕೂಗಿ ಟಾರ್ಪಾಲು ಎಲ್ಲಿದೆ ಅಂತ ಕೇಳಿದ್ದು ನನಗೆ ಕೇಳಿಸಿತು. ಇಲ್ಲಿ ಮಾವ ಆಗಲೇ ಅಂಗಳದ ಅಡಿಕೆಯನ್ನು ರಾಶಿ ಮಾಡುತ್ತಿದ್ದರು.