ಅಣ್ಣನ ತಕ್ಕಡಿ

ದುಬೈನಲ್ಲಿ ಮಗಳು ಹುಟ್ಟಿದಾಗ ಖುಷಿಗಿಂತ ಕಾಗದಪತ್ರದ ಓಡಾಟವೇ ಜಾಸ್ತಿ ಆಗಿತ್ತು. ಇಲ್ಲಿ ಹುಟ್ಟಿದ ಮಾತ್ರಕ್ಕೆ ಇಲ್ಲಿಯ ಪೌರತ್ವ ಸಿಗುವುದಿಲ್ಲ, 120 ದಿನದೊಳಗೆ ಭಾರತದ ಪಾಸ್‌ಪೋರ್ಟ್ ಮಾಡಿಸಿ ವೀಸಾ ಹಾಕಿಸದಿದ್ದರೆ ದಂಡ. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕಲು ಊರಿಂದ ಬಂದ ಅಮ್ಮ ಬಾತ್‌ರೂಮ್ ನೋಡಿ "ಹಂಡೆ ಎಲ್ಲಿಡೋದು ಮಾರಾಯ?" ಅಂದಿದ್ದರು!

ಸಾವು ಮಾತ್ರ ಬೇರೆಯೇ. ಹೋದ ವರ್ಷ ನನ್ನ ಹಳೆಯ ರೂಮಿನ ಕುಂದಾಪುರದ ಅಣ್ಣ ನಿದ್ದೆಯಲ್ಲೇ ಹೋಗಿಬಿಟ್ಟರು. ಪೊಲೀಸರ ಪತ್ರ, ಮರಣ ಪ್ರಮಾಣಪತ್ರ, ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದು, ಇಲ್ಲಿಯ ಸೋನಾಪುರದಲ್ಲಿ ದೇಹ ಕೆಡದಂತೆ ಎಂಬಾಮಿಂಗ್, ಅದಾದ ಮೇಲೆ ಕಾರ್ಗೋ. ಅಲ್ಲಿ ಪೆಟ್ಟಿಗೆ ಸಮೇತ ತೂಕ ಹಾಕುತ್ತಾರೆ. ಊರಿಗೆ ಹೊರಟಾಗಲೆಲ್ಲ 30 ಕೆಜಿ ದಾಟಬಾರದು ಅಂತ ಕೈತಕ್ಕಡಿ ಹಿಡಿದು, ಖರ್ಜೂರದ ಪೊಟ್ಟಣ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದು, ನಮ್ಮ ನಿದ್ದೆ ಕೆಡಿಸುತ್ತಿದ್ದ ಮನುಷ್ಯ ಅವರು.

ದುಬೈನದೇ ಜಬಲ್ ಅಲಿಯಲ್ಲಿ ಹಿಂದೂಗಳ ಸ್ಮಶಾನ ಇದೆ, ಅಲ್ಲೇ ಮುಗಿಸಬಹುದಿತ್ತು. ಆದರೆ ಅತ್ತಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಒಂದ್ಸಲ ಮುಖ ನೋಡ್ಬೇಕು."

ಮಂಗಳೂರಿನ ವಿಮಾನದಲ್ಲಿ ಜಾಗ ಸಿಕ್ಕಿದ್ದು ನಾಲ್ಕನೇ ದಿನ. ಆ ತಕ್ಕಡಿ ಇನ್ನೂ ನಮ್ಮ ಮನೆಯಲ್ಲೇ ಇದೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ.